ಮೀನಿನ ಅಳತೆ ನೋಡಿ ಅದರ ಈಜು ಹೇಳಬಹುದಾ?

ಪ್ರಶ್ನೆ: ನಾನು ಕುಂದಾಪುರ ಕಡೆಯವಳು, ಬಿಎಸ್ಸಿ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಅಂತ ಮಾರ್ಕೆಟಿನಿಂದ ಮೀನು ತಂದು ಅಳತೆ ತೆಗೆಯುತ್ತಿದ್ದೇವೆ. ಒಂದೇ ಬಂಗುಡೆಗೆ ನನಗೆ 24 ಸೆಂಟಿಮೀಟರ್ ಬಂತು, ಗೆಳತಿಗೆ ಇಪ್ಪತ್ತೊಂದೂವರೆ. ಯಾರದ್ದು ಸರಿ? ಇನ್ನೊಂದು, ಉದ್ದ ಜಾಸ್ತಿ ಇದ್ದ ಮೀನು ಜೋರಾಗಿ ಈಜುತ್ತೆ ಅಂದ್ಕೊಂಡಿದ್ವಿ. ಆದ್ರೆ ಪಾಂಬೊಲ್ (ರಿಬ್ಬನ್ ಮೀನು) ಅಷ್ಟುದ್ದ ಇದ್ರೂ ಅದೇನೂ ವೇಗದ ಮೀನಲ್ಲ ಅಂತಾರೆ. ಹಾಗಾದ್ರೆ ಯಾವ ಅಳತೆ ನೋಡ್ಬೇಕು?

ಉತ್ತರ:

ನಿಮ್ಮಿಬ್ಬರ ಲೆಕ್ಕವೂ ಸರಿ ಇರಬೇಕು. ನೀವು ಒಂದು ಉದ್ದ ಅಳೆದಿದ್ದೀರಿ, ಗೆಳತಿ ಇನ್ನೊಂದು. ಮೀನಿಗೆ ಮೂರು ಉದ್ದ ಇವೆ.

ಬಾಯಿ ಮುಚ್ಚಿದ ಮೀನಿನ ಮೂತಿಯ ತುದಿಯಿಂದ ಬಾಲದ ಕಟ್ಟಕಡೆಯ ತುದಿವರೆಗೆ ಅಳೆದರೆ ಅದು ಟೋಟಲ್ ಲೆಂತ್, ಪೂರ್ತಿ ಉದ್ದ. ಮೂತಿಯಿಂದ ಬಾಲ ಕವಲೊಡೆಯುವ ನಡುವಿನ ಜಾಗದವರೆಗೆ ಅಳೆದರೆ ಫೋರ್ಕ್ ಲೆಂತ್, ಕವಲಿನ ಉದ್ದ ಅನ್ನೋಣ. ಮೂರನೆಯದು ಸ್ಟ್ಯಾಂಡರ್ಡ್ ಲೆಂತ್. ಇದರಲ್ಲಿ ಬಾಲದ ರೆಕ್ಕೆ ಲೆಕ್ಕಕ್ಕಿಲ್ಲ, ಬೆನ್ನುಮೂಳೆ ಎಲ್ಲಿ ಮುಗಿಯುತ್ತದೋ ಅಲ್ಲಿವರೆಗೆ ಮಾತ್ರ. ಆ ಜಾಗ ಹುಡುಕೋದು ಸುಲಭ. ಮೀನನ್ನು ಹಲಗೆ ಮೇಲೆ ಮಲಗಿಸಿ ಬಾಲವನ್ನು ಮೆಲ್ಲಗೆ ಪಕ್ಕಕ್ಕೆ ಬಗ್ಗಿಸಿ. ಬುಡದಲ್ಲಿ ಒಂದು ಮಡಿಕೆ ಬೀಳುತ್ತದೆ. ಬೆನ್ನುಮೂಳೆ ಮುಗಿದು ರೆಕ್ಕೆಯ ಕಡ್ಡಿಗಳು ಶುರುವಾಗೋದು ಅಲ್ಲೇ.

ನಿಮ್ಮ ಬಂಗುಡೆಯನ್ನೇ ತೆಗೆದುಕೊಳ್ಳಿ. ಪೂರ್ತಿ ಉದ್ದ 24, ಕವಲಿನ ಉದ್ದ 21.5. ಸ್ಟ್ಯಾಂಡರ್ಡ್ ಉದ್ದ ಸುಮಾರು 20 ಅಂತ ಇಟ್ಟುಕೊಳ್ಳೋಣ. ಕಿವಿರಿನ ಮುಚ್ಚಳದ ಹಿಂದಿನ ಅಂಚಿನ ಹತ್ತಿರ ಬೆನ್ನಿನಿಂದ ಹೊಟ್ಟೆವರೆಗಿನ ಎತ್ತರ 4.7 ಅಂತಲೂ ಇರಲಿ. ಈಗ ಉದ್ದವನ್ನು ಎತ್ತರದಿಂದ ಭಾಗಿಸಿ. ಕವಲಿನ ಉದ್ದ ಹಿಡಿದರೆ 4.6 ಬರುತ್ತದೆ. ಪೂರ್ತಿ ಉದ್ದ ಹಿಡಿದರೆ 5.1. ಸ್ಟ್ಯಾಂಡರ್ಡ್ ಉದ್ದ ಹಿಡಿದರೆ 4.26.

ಇದರಲ್ಲಿ ಏನು ಮಹಾ ವ್ಯತ್ಯಾಸ ಅನ್ನಿಸಬಹುದು. ಆದರೆ ಬಂಗುಡೆ ಕುಲದಲ್ಲಿ ಮೂರು ಜಾತಿ ಇವೆ, ಅವನ್ನು ಬೇರೆ ಮಾಡುವ ಗುರುತುಗಳಲ್ಲಿ ಇದೇ ಭಾಗಲಬ್ಧ ಮುಖ್ಯವಾದದ್ದು. ನಮ್ಮ ಕರಾವಳಿಯಲ್ಲಿ ರಾಶಿಗಟ್ಟಲೆ ಬರುವ ರಾಸ್ಟ್ರೆಲ್ಲಿಗರ್ ಕನಗುರ್ಟಾದಲ್ಲಿ ಕವಲಿನ ಉದ್ದ ಮೈ ಎತ್ತರದ 4.3ರಿಂದ 5.2 ಪಟ್ಟು ಇರುತ್ತದೆ. ರಾಸ್ಟ್ರೆಲ್ಲಿಗರ್ ಬ್ರಾಕಿಸೋಮಾ ಗಿಡ್ಡ ಮೈಯದು, ಅದಕ್ಕೆ 3.7ರಿಂದ 4.3. ಫಾಗ್ನಿ ಅನ್ನುವ ಇನ್ನೊಂದು ಜಾತಿ ಸಪೂರ, ಅದಕ್ಕೆ 4.9ರಿಂದ 6. ಈಗ ಮೇಲಿನ ಮೂರು ಲೆಕ್ಕ ಮತ್ತೆ ನೋಡಿ. ಕವಲಿನ ಉದ್ದ ಹಿಡಿದರೆ ಮೀನು ಸರಿಯಾಗಿ ಕನಗುರ್ಟಾದ ಮಧ್ಯಕ್ಕೆ ಬಂತು. ಸ್ಟ್ಯಾಂಡರ್ಡ್ ಉದ್ದ ಹಿಡಿದರೆ ಅದೇ ಮೀನು ಬ್ರಾಕಿಸೋಮಾ ಆಗಿಬಿಡುತ್ತದೆ. ಪೂರ್ತಿ ಉದ್ದ ಹಿಡಿದರೆ ಫಾಗ್ನಿಯೋ ಕನಗುರ್ಟಾವೋ ಅಂತ ಅನುಮಾನ ಹುಟ್ಟುತ್ತದೆ. ಮೀನು ಒಂದೇ, ಮಾರ್ಕೆಟ್ಟೂ ಒಂದೇ, ಬದಲಾಗಿದ್ದು ಸ್ಕೇಲು ನಿಲ್ಲಿಸಿದ ಜಾಗ ಮಾತ್ರ. ಅದಕ್ಕೇ ನಾನು ವಿದ್ಯಾರ್ಥಿಗಳಿಗೆ ಪದೇ ಪದೇ ಹೇಳೋದು, ಸುಮ್ನೆ "ಉದ್ದ 24" ಅಂತ ಬರೆಯಬೇಡಿ, ಯಾವ ಉದ್ದ ಅಂತ ಪಕ್ಕದಲ್ಲೇ ಬರೆಯಿರಿ. ಅದಿಲ್ಲದ ಅಳತೆ ಬೇರೆಯವರ ಉಪಯೋಗಕ್ಕೆ ಬರೋದಿಲ್ಲ.

ಯಾವ ಮೀನಿಗೆ ಯಾವ ಉದ್ದ ಅನ್ನೋದಕ್ಕೆ ರೂಢಿ ಇದೆ, ಪ್ರತಿ ರೂಢಿಗೂ ಕಾರಣ ಇದೆ. ಕೇದರ್ (ಟ್ಯೂನಾ), ಅಂಜಲ್‌ನಂಥವಕ್ಕೆ ಕವಲಿನ ಉದ್ದ. ಅವುಗಳ ಬಾಲ ಗಟ್ಟಿ, ಕವಲಿನ ನಡುಭಾಗ ಸುಲಭಕ್ಕೆ ಹರಿಯೋದಿಲ್ಲ, ತುದಿಗಳು ಮಾತ್ರ ಬುಟ್ಟಿಯಲ್ಲಿ ಐಸಿನಲ್ಲಿ ತಿಕ್ಕಿ ಮುರಿದಿರುತ್ತವೆ. ಕತ್ತಿಯಂಥ ಮೂತಿ ಇರುವ ಸೇಲ್‌ಫಿಶ್, ಮಾರ್ಲಿನ್‌ಗಳಿಗೆ ಕೆಳದವಡೆಯ ತುದಿಯಿಂದ ಕವಲಿನವರೆಗೆ, ಯಾಕಂದರೆ ಕತ್ತಿ ಮುರಿದಿರಬಹುದು. ತೊರಕೆಗೆ ಉದ್ದ ನೋಡೋದೇ ಇಲ್ಲ, ಚಾಟಿಯಂಥ ಬಾಲ ಎಲ್ಲಿ ತುಂಡಾಗಿದೆಯೋ ಗೊತ್ತಾಗೋದಿಲ್ಲ, ಹಾಗಾಗಿ ಮೈ ಅಗಲ ಅಳೆಯುತ್ತಾರೆ. ನೀವು ಕೇಳಿದ ಪಾಂಬೊಲಿಗೆ ಬಾಲದ ರೆಕ್ಕೆಯೇ ಇಲ್ಲ, ಮೈ ಸಪೂರ ಆಗುತ್ತಾ ಆಗುತ್ತಾ ದಾರದ ಹಾಗೆ ಮುಗಿಯುತ್ತದೆ. ಆ ದಾರ ಎಷ್ಟೋ ಸಲ ತುಂಡಾಗಿರುತ್ತದೆ. ಅದಕ್ಕೆ ಮೂತಿಯಿಂದ ಗುದದ್ವಾರದವರೆಗಿನ ಉದ್ದವನ್ನೂ ಬರೆದಿಡುವ ಪದ್ಧತಿ ಇದೆ.

ಇದು ಬರೀ ಪ್ರಯೋಗಶಾಲೆಯ ವಿಷಯ ಅಲ್ಲ. 2015ರಲ್ಲಿ ಕೇರಳ ಸರ್ಕಾರ ಮರಿಮೀನು ಹಿಡಿಯೋದನ್ನು ತಡೆಯಲು ಕನಿಷ್ಠ ಅಳತೆ ಗೊತ್ತು ಮಾಡಿತು. ಬಂಗುಡೆಗೆ 14 ಸೆಂಟಿಮೀಟರ್, ಬೂತಾಯಿಗೆ 10, ಎರಡೂ ಪೂರ್ತಿ ಉದ್ದದಲ್ಲಿ. 13 ಸೆಂಟಿಮೀಟರ್ ಕವಲಿನ ಉದ್ದ ಇರುವ ಬಂಗುಡೆ ಪೂರ್ತಿ ಉದ್ದದಲ್ಲಿ ಹದಿನಾಲ್ಕು ದಾಟಿರುತ್ತದೆ. ಯಾವ ಉದ್ದ ಅಂತ ಗೊತ್ತಿಲ್ಲದಿದ್ದರೆ ದೋಣಿಯವರಿಗೂ ಅಧಿಕಾರಿಗೂ ಸುಮ್ನೆ ಜಗಳ.

ಈಗ ಗಾತ್ರದ ವಿಷಯ. ಉದ್ದ ಎರಡು ಪಟ್ಟಾದರೆ ತೂಕವೂ ಎರಡು ಪಟ್ಟು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಮೀನು ಉದ್ದ ಆಗುವಾಗ ಎತ್ತರವೂ ಬೆಳೆಯುತ್ತದೆ, ದಪ್ಪವೂ ಬೆಳೆಯುತ್ತದೆ. ಆಕಾರ ಬದಲಾಗದೆ ಉದ್ದ ಎರಡು ಪಟ್ಟಾದರೆ ತೂಕ ಎಂಟು ಪಟ್ಟು. 24 ಸೆಂಟಿಮೀಟರಿನ ಬಂಗುಡೆ 140 ಗ್ರಾಂ ತೂಗಿದರೆ, 12 ಸೆಂಟಿಮೀಟರಿನದು ಹದಿನೇಳು ಹದಿನೆಂಟು ಗ್ರಾಂ ಅಷ್ಟೇ. ಸಣ್ಣ ಬಂಗುಡೆ ಹಿಡಿದು ಮಾರೋದರಲ್ಲಿ ಎಷ್ಟು ನಷ್ಟ ಇದೆ ಅಂತ ಈ ಒಂದು ಲೆಕ್ಕದಲ್ಲೇ ಗೊತ್ತಾಗುತ್ತದೆ, ಅಲ್ವಾ? ಮೀನು ವಿಜ್ಞಾನದಲ್ಲಿ ಇದನ್ನು ತೂಕ = ಎ × ಉದ್ದದ ಬಿ ಘಾತ ಅಂತ ಬರೆಯುತ್ತಾರೆ. ಬಿ ಸರಿಯಾಗಿ 3 ಇದ್ದರೆ ಮೀನು ಬೆಳೆದರೂ ಆಕಾರ ಹಾಗೇ ಇದೆ ಅಂತ. ಮೂರಕ್ಕಿಂತ ಜಾಸ್ತಿ ಇದ್ದರೆ ದೊಡ್ಡದಾಗುತ್ತಾ ಮೈ ತುಂಬಿಕೊಳ್ಳುತ್ತಿದೆ, ಕಡಿಮೆ ಇದ್ದರೆ ಉದ್ದಕ್ಕೆ ಎಳೆದುಕೊಳ್ಳುತ್ತಿದೆ. ಸಾಮಾನ್ಯವಾಗಿ 2.5ರಿಂದ 3.5ರ ಒಳಗೆ ಬರುತ್ತದೆ. ನಿಮ್ಮ ಲೆಕ್ಕದಲ್ಲಿ ಅದರಾಚೆ ಬಂದರೆ, ಒಂದೇ ಅಳತೆಯ ಮೀನುಗಳನ್ನೇ ಆರಿಸಿದ್ದೀರಾ ಅಂತ ಮೊದಲು ನೋಡಿ. ಮಾರ್ಕೆಟಿನ ಮೀನಿನಲ್ಲಿ ಈ ತೊಂದರೆ ಇದ್ದೇ ಇದೆ, ಮಾರುವವರು ಗಾತ್ರ ನೋಡಿ ಬೇರೆ ಬೇರೆ ರಾಶಿ ಮಾಡಿರುತ್ತಾರೆ.

ಇದರ ಜೊತೆಗೆ ಫುಲ್ಟನ್ ಅನ್ನುವ ಸ್ಕಾಟ್ಲೆಂಡಿನ ವಿಜ್ಞಾನಿಯ ಹೆಸರಿನಲ್ಲಿ ಒಂದು ಲೆಕ್ಕ ಇದೆ. ಗ್ರಾಂನಲ್ಲಿರುವ ತೂಕವನ್ನು ನೂರರಿಂದ ಗುಣಿಸಿ, ಸೆಂಟಿಮೀಟರಿನ ಉದ್ದದ ಘನದಿಂದ ಭಾಗಿಸಿ. ನಮ್ಮ ಬಂಗುಡೆಗೆ 1ರ ಆಸುಪಾಸು ಬರುತ್ತದೆ. ಮೀನು ಮೈಕೈ ತುಂಬಿಕೊಂಡಿದೆಯಾ, ಸೊರಗಿದೆಯಾ ಅನ್ನೋದಕ್ಕೆ ಇದು ಒಳ್ಳೆ ಗುರುತು. ಆದರೆ ಒಂದೇ ಜಾತಿಯೊಳಗೆ ಮಾತ್ರ ಹೋಲಿಸಿ. ಪಾಂಬೊಲಿಗೆ ಇದೇ ಲೆಕ್ಕ ಹಾಕಿದರೆ 0.1ರ ಆಸುಪಾಸು ಬರುತ್ತದೆ, ಹಾಗಂತ ಪಾಂಬೊಲ್ ಹಸಿದು ಸೊರಗಿಲ್ಲ, ಅದರ ಮೈಯೇ ರಿಬ್ಬನ್ನಿನ ಹಾಗೆ ಚಪ್ಪಟೆ. ಮೊಟ್ಟೆ ತುಂಬಿದ ಮೀನು, ಹೊಟ್ಟೆ ತುಂಬಾ ತಿಂದ ಮೀನು ಕೂಡ ಲೆಕ್ಕ ಏರಿಸುತ್ತವೆ. ಹೊಟ್ಟೆ ಸೀಳಿ ನೋಡಿದ ಮೇಲೆ ಅದನ್ನೂ ಬರೆಯಿರಿ.

ಸುತ್ತಳತೆಯನ್ನು ನಮ್ಮ ವಿದ್ಯಾರ್ಥಿಗಳು ಯಾಕೋ ಮರೆತೇಬಿಡುತ್ತಾರೆ. ಮೀನು ಬಲೆಯ ಕಣ್ಣಿನಲ್ಲಿ ಸಿಕ್ಕಿಬೀಳುತ್ತದೋ ನುಸುಳಿ ಹೋಗುತ್ತದೋ ಅಂತ ತೀರ್ಮಾನ ಮಾಡೋದು ಉದ್ದ ಅಲ್ಲ, ಸುತ್ತಳತೆ. ಒಂದು ದಾರ ಸುತ್ತಿ, ಆಮೇಲೆ ಆ ದಾರವನ್ನು ಸ್ಕೇಲಿನ ಮೇಲೆ ಇಟ್ಟರೆ ಸಾಕು. ಗಾಳ ಹಾಕುವವರು ದೊಡ್ಡ ಮೀನನ್ನು ತೂಗದೆ ನೀರಿಗೆ ಬಿಡಬೇಕಾದಾಗ ಇದನ್ನೇ ನಂಬುತ್ತಾರೆ. ಇಂಚಿನಲ್ಲಿ ಉದ್ದ, ಸುತ್ತಳತೆಯ ವರ್ಗ, ಎರಡನ್ನೂ ಗುಣಿಸಿ 800ರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕದ ಅಂದಾಜು ಸಿಗುತ್ತದೆ. 40 ಇಂಚು ಉದ್ದ, 24 ಇಂಚು ಸುತ್ತಳತೆಯ ಮಹಶೀರ್ ಅಂದರೆ ಸುಮಾರು 29 ಪೌಂಡ್, ಹದಿಮೂರು ಕಿಲೋ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಆಕಾರ ಮತ್ತು ಈಜು.

ಉದ್ದ ಒಂದರಿಂದ ಈಜಿನ ಬಗ್ಗೆ ಏನೂ ಗೊತ್ತಾಗೋದಿಲ್ಲ. ಉದ್ದಕ್ಕೂ ದಪ್ಪಕ್ಕೂ ಇರುವ ಅನುಪಾತ ನೋಡಿದರೆ ಸ್ವಲ್ಪ ಗೊತ್ತಾಗುತ್ತದೆ. ಬಾಲ ಮತ್ತು ಬಾಲದ ಬುಡ ನೋಡಿದರೆ ಇನ್ನೂ ಜಾಸ್ತಿ ಗೊತ್ತಾಗುತ್ತದೆ. ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು, ಮೀನು ಏನು ತಿನ್ನುತ್ತದೆ, ಯಾರಿಂದ ತಪ್ಪಿಸಿಕೊಳ್ಳಬೇಕು ಅಂತ ಕೇಳಿದರೆ ಆಗ ಚಿತ್ರ ಸಿಗುತ್ತದೆ. ನನ್ನ ಪ್ರಕಾರ ಮೀನಿನ ಮೈ ಅದರ ವೇಗದ ದಾಖಲೆ ಅಲ್ಲ, ಅದರ ಬದುಕಿನ ದಾಖಲೆ. ವೇಗ ಆ ಬದುಕಿನ ಒಂದು ಭಾಗ ಅಷ್ಟೇ.

ಮೊದಲು ಮೈ. 1800ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಕೇಲಿ ಅನ್ನುವವರಿದ್ದರು, ಹಾರುವ ಯಂತ್ರದ ಕನಸು ಕಂಡವರು. ಗಾಳಿಯಲ್ಲಿ ಕಡಿಮೆ ತಡೆ ಇರುವ ಆಕಾರ ಯಾವುದು ಅಂತ ಹುಡುಕಲು ಅವರು ಹೋಗಿದ್ದು ಟ್ರೌಟ್ ಮೀನಿನ ಹತ್ತಿರ. ಮೂತಿಯಿಂದ ಬಾಲದವರೆಗೆ ಅಲ್ಲಲ್ಲಿ ಸುತ್ತಳತೆ ತೆಗೆದು, ಪ್ರತಿಯೊಂದನ್ನೂ ಮೂರರಿಂದ ಭಾಗಿಸಿ ದಪ್ಪ ಕಂಡುಕೊಂಡು, ಆ ರೇಖೆ ಬರೆದರು. ನೂರಕ್ಕೂ ಜಾಸ್ತಿ ವರ್ಷದ ನಂತರ ವಿಮಾನದ ರೆಕ್ಕೆಗೆ ಎಂಜಿನಿಯರುಗಳು ಕಂಡುಕೊಂಡ ಕಡಿಮೆ ತಡೆಯ ಆಕಾರಕ್ಕೆ ಅದು ತುಂಬಾ ಹತ್ತಿರ ಇತ್ತು. ದಾರ, ಸ್ಕೇಲು, ಒಂದು ಮೀನು, ಇಷ್ಟೇ ಸಾಮಾನು. ನಿಮ್ಮ ಪ್ರಾಜೆಕ್ಟಿನಲ್ಲೂ ಇದನ್ನು ಮಾಡಿ ನೋಡಿ, ಬಂಗುಡೆಯಲ್ಲಿ ಚೆನ್ನಾಗಿ ಬರುತ್ತದೆ.

ಆ ಆಕಾರದಲ್ಲಿ ಉದ್ದವನ್ನು ಅತಿ ದಪ್ಪದ ಜಾಗದಿಂದ ಭಾಗಿಸಿದರೆ ಸುಮಾರು 4.5 ಬಂದಾಗ ಅಷ್ಟೇ ಮೈಯನ್ನು ಕಡಿಮೆ ಎಳೆತದಲ್ಲಿ ಸಾಗಿಸಬಹುದು ಅಂತ ದ್ರವವಿಜ್ಞಾನ ಹೇಳುತ್ತದೆ. ಮೀನಿನ ಮೈ ಗುಂಡಗಿಲ್ಲ, ಅದಕ್ಕೆ ಎತ್ತರ ಮತ್ತು ದಪ್ಪದ ಸರಾಸರಿ ತೆಗೆದುಕೊಳ್ಳಬೇಕು. ಬಂಗುಡೆ, ಕೇದರ್ ಎರಡೂ ಇದರ ಆಸುಪಾಸಿನಲ್ಲೇ ಬರುತ್ತವೆ. ಆದರೆ 4.5 ಅನ್ನು ಮಂತ್ರ ಮಾಡಿಕೊಳ್ಳಬೇಡಿ. 3ರಿಂದ 7ರವರೆಗೆ ಎಲ್ಲಿದ್ದರೂ ಎಳೆತ ಹೆಚ್ಚುಕಡಿಮೆ ಹತ್ತು ಶೇಕಡಾದೊಳಗೆ ಬದಲಾಗುತ್ತದೆ. ಅಂದರೆ 4.2 ಬಂದ ಮೀನು 5.5 ಬಂದ ಮೀನಿಗಿಂತ ಚುರುಕು ಅಂತ ತೀರ್ಮಾನ ಬರೆದರೆ ಅದು ಬರೀ ಕಲ್ಪನೆ.

ಕಾಣೆ ಮೀನು ನೋಡಿ. ಸಪೂರ, ಕೋಲಿನಂಥ ಮೈ, ಚೂಪು ಮೂತಿ. ನೋಡಿದರೆ ಬಾಣದ ಹಾಗೆ ಹೋಗಬಹುದು ಅನ್ನಿಸುತ್ತದೆ. ಆದರೆ ಆ ಮೂತಿ ಮರಳಿನಲ್ಲಿ ಹುಳ ಹುಡುಕೋದಕ್ಕೆ, ಆ ಮೈ ಹೆದರಿದಾಗ ಮರಳಿನೊಳಗೆ ಹುದುಗಿಕೊಳ್ಳೋದಕ್ಕೆ. ಪಾಂಬೊಲ್ ಅಂತೂ ಬೇಟೆಗೆ ಕಾಯುವಾಗ ನೀರಿನಲ್ಲಿ ತಲೆ ಮೇಲೆ ಮಾಡಿ ನೆಟ್ಟಗೆ ನಿಂತಿರುತ್ತದೆ. ಬೆನ್ನಿನುದ್ದಕ್ಕೂ ಇರುವ ರೆಕ್ಕೆಯನ್ನು ಅಲೆಅಲೆಯಾಗಿ ಆಡಿಸುತ್ತಾ ಇದ್ದಲ್ಲೇ ಇರುತ್ತದೆ. ಅಷ್ಟುದ್ದ ಮೈಗೆ ನೀರಿನ ತಿಕ್ಕಾಟ ಜಾಸ್ತಿ, ತಳ್ಳೋದಕ್ಕೆ ಅಗಲದ ಬಾಲ ಇಲ್ಲ. ದೂರ ಓಡುವ ಮೀನಿಗೆ ಬೇಕಾದ್ದು ಅದರಲ್ಲಿ ಒಂದೂ ಇಲ್ಲ. ಅದಕ್ಕೆ ಬೇಕಾದ್ದು ಮರೆಯಲ್ಲಿ ನಿಂತು ಹಲ್ಲಿನಿಂದ ಕಚ್ಚೋದು, ಆ ಕೆಲಸಕ್ಕೆ ಆ ಮೈ ಸರಿಯಾಗಿದೆ.

ಈಗ ಬಾಲ. ನನ್ನನ್ನು ಕೇಳಿದರೆ, ಒಂದೇ ಅಳತೆ ತೆಗೆಯೋಕೆ ಸಮಯ ಇದ್ದರೆ ಬಾಲದ್ದು ತೆಗೆಯಿರಿ ಅನ್ನುತ್ತೇನೆ. ಬಾಲವನ್ನು ಸಹಜವಾಗಿ ಹರಡಿ ಗ್ರಾಫ್ ಹಾಳೆಯ ಮೇಲೆ ಇಟ್ಟು ಪೆನ್ಸಿಲ್ಲಿನಿಂದ ಸುತ್ತ ಗೆರೆ ಎಳೆಯಿರಿ. ಮೇಲಿನ ತುದಿಯಿಂದ ಕೆಳಗಿನ ತುದಿವರೆಗಿನ ಎತ್ತರ ಅಳೆದು ಅದರ ವರ್ಗ ಮಾಡಿ. ಒಳಗಿನ ಚೌಕಗಳನ್ನು ಎಣಿಸಿದರೆ ವಿಸ್ತೀರ್ಣ ಸಿಗುತ್ತದೆ, ಅದರಿಂದ ಭಾಗಿಸಿ. ಎತ್ತರ 6 ಸೆಂಟಿಮೀಟರ್, ವಿಸ್ತೀರ್ಣ 9 ಚದರ ಸೆಂಟಿಮೀಟರ್ ಆದರೆ 36 ಭಾಗಿಸು 9, ಅಂದರೆ 4. ಇದಕ್ಕೆ ಆಸ್ಪೆಕ್ಟ್ ರೇಶಿಯೋ ಅಂತಾರೆ. ಬಾಲ ಎತ್ತರವಾಗಿ ಕಿರಿದಾಗಿ ಚಂದ್ರನ ಕೊಂಬಿನಂತೆ ಇದ್ದಷ್ಟೂ ಸಂಖ್ಯೆ ಏರುತ್ತದೆ. ದೊಡ್ಡ ಟ್ಯೂನಾಗಳಲ್ಲಿ ಏಳರ ಆಸುಪಾಸಿಗೆ ಹೋಗುತ್ತದೆ. ಬಂಡೆಯ ಸಂದಿಯಲ್ಲಿ ಕಾಯುವ ಮುರು ಮೀನಿನ ಗುಂಡನೆಯ ಬಾಲಕ್ಕೆ ಎರಡೂ ದಾಟೋದಿಲ್ಲ. ಒಣಗಿದ, ಐಸಿನಲ್ಲಿ ಮುದುಡಿದ ಬಾಲ ಬೇಡ, ಎತ್ತರವೂ ವಿಸ್ತೀರ್ಣವೂ ತಪ್ಪಾಗಿ ಬಂದು ಸಂಖ್ಯೆ ಸುಳ್ಳಾಗುತ್ತದೆ.

ಯಾಕೆ ಹೀಗೆ? ಎತ್ತರದ ಕಿರಿದಾದ ಬಾಲ ಅತ್ತಿತ್ತ ಬೀಸಿದಾಗ ಸುಳಿ ಎಬ್ಬಿಸಿ ಶಕ್ತಿ ಕಳೆಯೋದು ಕಡಿಮೆ. ದಿನವಿಡೀ ಒಂದೇ ಸಮನೆ ಹೋಗಬೇಕಾದ ಮೀನಿಗೆ ಅದು ಬೇಕು. ಅಗಲದ, ಮೆತ್ತಗಿನ, ಗುಂಡು ಬಾಲ ಒಂದೇ ಏಟಿಗೆ ಜಾಸ್ತಿ ನೀರನ್ನು ತಳ್ಳುತ್ತದೆ. ನಿಂತಲ್ಲಿಂದ ಚಂಗನೆ ನೆಗೆಯಬೇಕಾದ ಮೀನಿಗೆ ಅದು ಸಾಕು, ಅದಾದ ಮೇಲೆ ದಣಿದರೂ ಪರವಾಗಿಲ್ಲ. ಡೇನಿಯಲ್ ಪಾಲಿ ಅನ್ನುವ ಮೀನು ವಿಜ್ಞಾನಿ 1980ರ ದಶಕದ ಕೊನೆಯಲ್ಲಿ ಈ ಬಾಲದ ಸಂಖ್ಯೆಯಿಂದಲೇ ಮೀನು ಎಷ್ಟು ತಿನ್ನುತ್ತದೆ ಅಂತ ಅಂದಾಜು ಮಾಡುವ ದಾರಿ ಕೊಟ್ಟರು. ಬಾಲ ಚೂಪಾಗಿದ್ದರೆ ಓಡಾಟ ಜಾಸ್ತಿ, ಓಡಾಟ ಜಾಸ್ತಿ ಇದ್ದರೆ ಹಸಿವು ಜಾಸ್ತಿ. ಒಂದು ಗ್ರಾಫ್ ಹಾಳೆ ಮತ್ತು ಪೆನ್ಸಿಲ್ಲಿನಿಂದ ಸಮುದ್ರದ ಮೀನಿನ ಹೊಟ್ಟೆಯ ಲೆಕ್ಕ ಸಿಗೋದು ನನಗೆ ಇವತ್ತಿಗೂ ತುಂಬಾ ಇಷ್ಟವಾದ ವಿಷಯ. ಒಂದು ಎಚ್ಚರಿಕೆ ಮಾತ್ರ, ಬಾಲದಿಂದಲೇ ಈಜುವ ಮೀನುಗಳಿಗಷ್ಟೇ ಇದು ನಡೆಯುತ್ತದೆ. ಪಾಂಬೊಲಿಗಾಗಲಿ ಹಾವುಮೀನಿಗಾಗಲಿ ತೊರಕೆಗಾಗಲಿ ಇದನ್ನು ಹಾಕಬೇಡಿ.

ಬಾಲಕ್ಕಿಂತ ಸ್ವಲ್ಪ ಮುಂದೆ, ಮೈ ಅತಿ ಸಪೂರ ಆಗುವ ಜಾಗದ ಎತ್ತರವನ್ನೂ ತಪ್ಪದೆ ಬರೆಯಿರಿ. ಸಾಧ್ಯ ಇದ್ದರೆ ಒಂದು ಕೇದರ್ ತನ್ನಿ. ಕೈಯಲ್ಲಿ ಹಿಡಿದು ನೋಡಿದರೆ ಪುಸ್ತಕಕ್ಕಿಂತ ಚೆನ್ನಾಗಿ ಅರ್ಥ ಆಗುತ್ತದೆ. ಅಷ್ಟು ದಪ್ಪ ಮೈ, ಬಾಲದ ಬುಡಕ್ಕೆ ಬಂದಾಗ ಬೆರಳಿನಷ್ಟು ಸಣ್ಣ. ಆ ಬುಡದ ಎರಡೂ ಪಕ್ಕ ಬೆರಳು ಸವರಿದರೆ ಗಟ್ಟಿಯಾದ ಏಣು ಸಿಗುತ್ತದೆ. ಮೇಲೆ ಕೆಳಗೆ ಸಾಲಾಗಿ ಪುಟ್ಟ ಪುಟ್ಟ ರೆಕ್ಕೆ. ಬೆನ್ನಿನ ಮೊದಲ ರೆಕ್ಕೆಯನ್ನು ಎತ್ತಿ ಬಿಟ್ಟರೆ ಅದು ಮಡಚಿಕೊಂಡು ಬೆನ್ನಿನ ಸೀಳಿನೊಳಗೆ ಕೂತುಬಿಡುತ್ತದೆ, ಹೊರಗೆ ಏನೂ ಚಾಚಿಕೊಳ್ಳೋದಿಲ್ಲ. ಭುಜದ ಹತ್ತಿರ ಮತ್ತು ಪಕ್ಕದ ಗೆರೆ ಬಿಟ್ಟರೆ ಮೈಮೇಲೆ ಹುರುಪೆಯೂ ಇಲ್ಲ, ನುಣ್ಣಗಿದೆ. ಅಡ್ಡ ಕತ್ತರಿಸಿದರೆ ಬೆನ್ನುಮೂಳೆಯ ಪಕ್ಕದಲ್ಲಿ ಕಪ್ಪುಗೆಂಪು ಮಾಂಸ ಕಾಣುತ್ತದೆ, ನಿಲ್ಲಿಸದೆ ಈಜೋದಕ್ಕೆ ಇರುವ ಮಾಂಸ ಅದು. ಕೇದರಿಗೆ ಗಾಳಿಚೀಲ ಇಲ್ಲ, ಮೈ ನೀರಿಗಿಂತ ಭಾರ. ಈಜು ನಿಂತರೆ ಮುಳುಗುತ್ತದೆ, ಬಾಯಿಂದ ನೀರು ಕಿವಿರಿಗೆ ನುಗ್ಗೋದೂ ನಿಲ್ಲುತ್ತದೆ. ಹುಟ್ಟಿದಾಗಿನಿಂದ ಸಾಯುವವರೆಗೆ ಅದು ಈಜುತ್ತಲೇ ಇರಬೇಕು. ಆ ಮೀನಿನ ಪ್ರತಿ ಅಳತೆಯೂ ಈ ಒಂದು ಕಟ್ಟುಪಾಡಿಗೆ ತಕ್ಕ ಹಾಗಿದೆ.

ಅದರ ಪಕ್ಕದಲ್ಲಿ ಮುರು ಇಟ್ಟು ನೋಡಿ. ದಪ್ಪ ತುಟಿ, ದೊಡ್ಡ ಬಾಯಿ, ಬಾಲದ ಬುಡವೂ ದಪ್ಪ. ಅದು ದೂರ ಹೋಗೋದಿಲ್ಲ, ಹೋಗಬೇಕಾಗಿಯೂ ಇಲ್ಲ. ಅಮೆರಿಕದ ಪಾಲ್ ವೆಬ್ 1984ರಲ್ಲಿ ಇದನ್ನು ಸೊಗಸಾಗಿ ಹೇಳಿದರು. ದೂರ ಓಡೋದು, ಚಂಗನೆ ನೆಗೆಯೋದು, ಸಂದಿಗೊಂದಿಯಲ್ಲಿ ತಿರುಗಾಡೋದು, ಇವು ಮೂರು ಬೇರೆ ಬೇರೆ ಕೆಲಸ. ಒಂದರಲ್ಲಿ ಪೂರ್ತಿ ಪಳಗಿದ ಮೈ ಉಳಿದೆರಡರಲ್ಲಿ ಹಿಂದೆ ಬೀಳುತ್ತದೆ. ಟ್ಯೂನಾ ಮೊದಲನೆಯದರ ತುದಿ. ಹವಳದ ದಿಬ್ಬಗಳಲ್ಲಿರುವ, ತಟ್ಟೆಯಂತೆ ಎತ್ತರದ ಚಿಟ್ಟೆಮೀನು ಮೂರನೆಯದರ ತುದಿ. ನಾವು ತಿನ್ನುವ ಹೆಚ್ಚಿನ ಮೀನುಗಳು ಇವುಗಳ ನಡುವೆ ಎಲ್ಲೋ ಇವೆ. ಮಾಂಜಿ (ಪಾಂಫ್ರೆಟ್) ಇದಕ್ಕೆ ಒಳ್ಳೆ ಉದಾಹರಣೆ. ಮೈ ತಟ್ಟೆಯ ಹಾಗೆ ಎತ್ತರ, ಆದರೆ ಬಾಲ ಆಳವಾಗಿ ಕವಲೊಡೆದಿದೆ. ಬರೀ ಎತ್ತರ ನೋಡಿದವರು ಇದು ನಿಧಾನದ ಮೀನು ಅಂತ ಬರೆಯುತ್ತಾರೆ, ಬರೀ ಬಾಲ ನೋಡಿದವರು ವೇಗದ್ದು ಅಂತ. ಅದು ತೆರೆದ ನೀರಿನಲ್ಲಿ ತೇಲುವ ಸಣ್ಣ ಜೀವಿ, ಅಂಬಲಿಮೀನು (ಜೆಲ್ಲಿಫಿಶ್) ಗಳನ್ನು ತಿನ್ನುತ್ತದೆ. ಓಡಿಸಿ ಹಿಡಿಯಬೇಕಾದ ಬೇಟೆಯೇ ಅಲ್ಲ ಅದು.

ಎತ್ತರದ ಮೈಗೆ ಈಜಿನ ಹೊರತಾಗಿ ಇನ್ನೊಂದು ದೊಡ್ಡ ಕಾರಣ ಇದೆ, ನುಂಗೋಕೆ ಬರುವವರ ಬಾಯಿ. ಸ್ವೀಡನ್ನಿನ ಕೆರೆಗಳಲ್ಲಿ ಕ್ರೂಷಿಯನ್ ಕಾರ್ಪ್ ಅನ್ನುವ ಮೀನಿದೆ, ಗೋಲ್ಡ್‌ಫಿಶ್‌ನ ಸಂಬಂಧಿ. ಅದನ್ನು ತಿನ್ನುವ ಪೈಕ್ ಇಲ್ಲದ ಕೆರೆಯಲ್ಲಿ ಅದು ಸಪೂರ ಇರುತ್ತದೆ. ಪೈಕ್ ಇರುವಲ್ಲಿ ಕೆಲವೇ ವಾರಗಳಲ್ಲಿ ಮೈ ಎತ್ತರ ಆಗುತ್ತದೆ, ಬಾಯಿಗೆ ಹಿಡಿಸದಷ್ಟು. ಬ್ರೋನ್‌ಮಾರ್ಕ್ ಮತ್ತು ಮೈನರ್ ಅನ್ನುವ ವಿಜ್ಞಾನಿಗಳು 1992ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಎತ್ತರದ ಮೈಗೆ ನೀರಿನ ತಡೆ ಜಾಸ್ತಿ, ಆದರೂ ಮೀನು ಆ ಬೆಲೆ ಕೊಡಲು ತಯಾರು, ಜೀವ ಉಳಿಯುತ್ತದಲ್ಲ. ಹಾಗಾಗಿ ಅಳತೆಯಲ್ಲಿ ವ್ಯತ್ಯಾಸ ಕಂಡ ಕೂಡಲೇ ಈಜಿನ ಕಾರಣವನ್ನೇ ಹುಡುಕಬೇಡಿ.

ನಮ್ಮ ಕೆರೆಗಳಲ್ಲಿ ಒಟ್ಟಿಗೆ ಸಾಕುವ ಕಾಟ್ಲಾ, ರೋಹು, ಮೃಗಾಲ್ ಮೂರನ್ನೂ ಅಳೆದು ನೋಡಿ, ಅಲ್ಲಿ ಊಟದ ಪಾಲು ಕಾಣುತ್ತದೆ. ಕಾಟ್ಲಾಕ್ಕೆ ದೊಡ್ಡ ತಲೆ, ಮೇಲಕ್ಕೆ ತಿರುಗಿದ ಬಾಯಿ, ಎತ್ತರದ ಮೈ, ಊಟ ಮೇಲ್ನೀರಿನಲ್ಲಿ. ರೋಹು ನಡುನೀರಿನದು. ಮೃಗಾಲಿನ ಬಾಯಿ ಕೆಳಗೆ, ಮೈ ಸಪೂರ, ತಳದಲ್ಲಿ ತಿನ್ನುತ್ತದೆ. ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಕಲ್ಲಿಗೆ ಅಂಟಿಕೊಂಡಿರುವ ಗಾರ್ರಾ ಸಿಕ್ಕರೆ ತಿರುಗಿಸಿ ಹೊಟ್ಟೆ ನೋಡಿ, ಚಪ್ಪಟೆ. ಪಕ್ಕದ ರೆಕ್ಕೆಗಳು ಅಡ್ಡಕ್ಕೆ ಚಾಚಿರುತ್ತವೆ. ಸೆಳವಿನಲ್ಲಿ ಕೊಚ್ಚಿಹೋಗದೆ ನಿಲ್ಲೋದೇ ಅದರ ಕೆಲಸ.

ಇನ್ನು ವೇಗ. ಕೇಂಬ್ರಿಡ್ಜಿನ ರಿಚರ್ಡ್ ಬೇನ್‌ಬ್ರಿಜ್ 1958ರಲ್ಲಿ ತಿರುಗುವ ನೀರಿನ ತೊಟ್ಟಿಯಲ್ಲಿ ಮೀನು ಈಜಿಸಿ ಚಿತ್ರೀಕರಿಸಿದರು. ಚೆನ್ನಾಗಿ ಈಜುವಾಗ ಬಾಲದ ಒಂದು ಪೂರ್ತಿ ಬೀಸಿಗೆ ಮೀನು ತನ್ನ ಉದ್ದದ ಸುಮಾರು ಮೂರನೇ ಎರಡು ಭಾಗ ಮುಂದೆ ಹೋಗುತ್ತದೆ. ಸಣ್ಣ ಮೀನು ಪ್ರಾಣಭಯದಲ್ಲಿ ಸೆಕೆಂಡಿಗೆ ತನ್ನ ಉದ್ದದ ಹತ್ತು ಪಟ್ಟು ದೂರ ಹೋಗಬಲ್ಲದು. 20 ಸೆಂಟಿಮೀಟರಿನ ಮೀನಿಗೆ ಇದು ಸೆಕೆಂಡಿಗೆ 2 ಮೀಟರ್, ಗಂಟೆಗೆ ಏಳು ಕಿಲೋಮೀಟರ್ ಚಿಲ್ಲರೆ. ಆದರೆ ಆ ಹತ್ತು ಪಟ್ಟನ್ನು ಹಿಡಿದು ಎರಡು ಮೀಟರಿನ ಮೀನಿಗೆ ಲೆಕ್ಕ ಹಾಕಬೇಡಿ. 1975ರಲ್ಲಿ ಕ್ಲೆಮ್ ವಾರ್ಡಲ್ ತೋರಿಸಿದ ಹಾಗೆ, ಮೀನು ದೊಡ್ಡದಾದಷ್ಟೂ ಅದರ ಸ್ನಾಯು ಒಂದು ಸಲ ಬಿಗಿಯಾಗಲು ತೆಗೆದುಕೊಳ್ಳುವ ಸಮಯ ಜಾಸ್ತಿ, ಬಾಲದ ಬೀಸು ನಿಧಾನ. ದೊಡ್ಡ ಮೀನು ಮೀಟರಿನ ಲೆಕ್ಕದಲ್ಲಿ ವೇಗ, ಮೈ ಉದ್ದದ ಲೆಕ್ಕದಲ್ಲಿ ನಿಧಾನ. ಉದ್ದಕ್ಕೂ ವೇಗಕ್ಕೂ ಸಂಬಂಧ ಇದೆ ಅನ್ನುವ ನಿಮ್ಮ ಅಂದಾಜು ಒಂದೇ ಆಕಾರದ ಮೀನುಗಳೊಳಗೆ ಇಷ್ಟರ ಮಟ್ಟಿಗೆ ಸರಿ.

ಸೇಲ್‌ಫಿಶ್ ಗಂಟೆಗೆ 110 ಕಿಲೋಮೀಟರ್ ಹೋಗುತ್ತದೆ ಅಂತ ನೀವೂ ಎಲ್ಲೋ ಓದಿರುತ್ತೀರಿ. ದಯವಿಟ್ಟು ಪ್ರಾಜೆಕ್ಟಿನಲ್ಲಿ ಅದನ್ನು ಬರೆಯಬೇಡಿ. ಗಾಳಕ್ಕೆ ಸಿಕ್ಕ ಮೀನು ದಾರ ಎಳೆದ ಲೆಕ್ಕದಿಂದ ಹುಟ್ಟಿದ ಸಂಖ್ಯೆ ಅದು. 2015, 2016ರಲ್ಲಿ ಅದರ ಬೇಟೆಯ ವೀಡಿಯೋ ಮತ್ತು ಸ್ನಾಯುವಿನ ಅಳತೆ ತೆಗೆದು ನೋಡಿದವರಿಗೆ ಸಿಕ್ಕಿದ್ದು ಸೆಕೆಂಡಿಗೆ 8ರಿಂದ 10 ಮೀಟರ್, ಅಂದರೆ ಗಂಟೆಗೆ ಇಪ್ಪತ್ತೊಂಬತ್ತರಿಂದ ಮೂವತ್ತಾರು ಕಿಲೋಮೀಟರ್. ನೀರಿನಲ್ಲಿ ಅದೇನು ಕಡಿಮೆ ಅಲ್ಲ. ಅದಕ್ಕಿಂತ ತುಂಬಾ ಮೇಲೆ ಹೋದರೆ ರೆಕ್ಕೆಯ ಸುತ್ತ ನೀರಿನಲ್ಲಿ ಗುಳ್ಳೆಗಳೆದ್ದು ರೆಕ್ಕೆಗೇ ಪೆಟ್ಟು.

ನಿಮ್ಮ ಪ್ರಾಜೆಕ್ಟಿಗೆ ಹೀಗೆ ಮಾಡಿ. ಬಂಗುಡೆ, ಮಾಂಜಿ, ಕಾಣೆ, ಮುರು, ಸಿಕ್ಕರೆ ಕೇದರ್, ಇಷ್ಟು ಸಾಕು. ಪ್ರತಿಯೊಂದರಲ್ಲೂ ಸಣ್ಣದು ದೊಡ್ಡದು ಬೆರೆಸಿ ತನ್ನಿ. ಮೂರೂ ಉದ್ದ, ಮೈ ಎತ್ತರ, ದಪ್ಪ, ಬಾಲದ ಬುಡದ ಎತ್ತರ, ತೂಕ ಬರೆಯಿರಿ, ಬಾಲದ ಗೆರೆ ಗ್ರಾಫ್ ಹಾಳೆಯಲ್ಲಿ ಇರಲಿ. ಈಜಿನ ಅನುಪಾತಗಳಿಗೆಲ್ಲ ಸ್ಟ್ಯಾಂಡರ್ಡ್ ಉದ್ದವನ್ನೇ ಹಿಡಿಯಿರಿ, ಬಾಲವನ್ನು ಬೇರೆಯಾಗಿ ಅಳೆಯುತ್ತಿರುವಾಗ ಉದ್ದದೊಳಗೆ ಮತ್ತೆ ಬಾಲ ಸೇರಿಸೋದು ಬೇಡ. ಬಂಗುಡೆಯ ಜಾತಿ ಗುರುತಿಸಲು ಮಾತ್ರ ಕವಲಿನ ಉದ್ದ. ಎಲ್ಲ ಮೀನನ್ನೂ ಒಂದೇ ಸ್ಥಿತಿಯಲ್ಲಿ ಅಳೆಯಿರಿ, ಕೆಲವು ತಾಜಾ, ಕೆಲವು ಫಾರ್ಮಲಿನ್‌ನಲ್ಲಿ ಇಟ್ಟದ್ದು ಅಂತ ಬೆರೆಸಬೇಡಿ, ಫಾರ್ಮಲಿನ್‌ನಲ್ಲಿ ಮತ್ತು ಫ್ರೀಜರಿನಲ್ಲಿ ಮೀನು ಸ್ವಲ್ಪ ಕುಗ್ಗುತ್ತದೆ. ಮೊದಲ ಕೆಲವು ಮೀನುಗಳನ್ನು ನೀವೂ ಗೆಳತಿಯೂ ಒಬ್ಬರ ಅಂಕಿ ಒಬ್ಬರು ನೋಡದೆ ಅಳೆದು, ಆಮೇಲೆ ಪಕ್ಕಪಕ್ಕ ಇಟ್ಟು ನೋಡಿ. ಇಬ್ಬರ ನಡುವಿನ ವ್ಯತ್ಯಾಸ ಒಂದೆರಡು ಮಿಲಿಮೀಟರಿಗೆ ಇಳಿದ ಮೇಲೆ ಉಳಿದ ಮೀನುಗಳನ್ನು ಹಂಚಿಕೊಂಡು ಅಳೆಯಬಹುದು.